ಚರಗದ ಹೊಲದಲ್ಲಿ ತೆಳು ಗಾಳಿಯ ಮಾತು

ಈ ಸಲದ ಎಳ್ಳ ಅಮಾವಾಸ್ಯೆಗೆ ತಮ್ಮ ಊರಲ್ಲಿದ್ದ. ಸೇನೆ ಸೇರಿ ಒಂಬತ್ತು ವರ್ಷವಾದರೂ ಹೊಲಕ್ಕೆ ಎಡೆಯ ಅಡುಗೆ ಎರಚುವ, ಅಂದರೆ ಚರಗ ಚೆಲ್ಲುವ ದಿನಕ್ಕೆ ಅವನ ರಜೆ ಕೂಡಿಬಂದದ್ದು ಇದೇ ಮೊದಲು. ಎರಡು ತಿಂಗಳ ರಜೆ, ಅದರಲ್ಲಿ ಉಳಿದಿದ್ದು ನಾಲ್ಕೇ ದಿನ. ಅವ್ವ ಹಿಂದಿನ ರಾತ್ರಿಯಿಂದಲೇ ಒಲೆಯ ಮುಂದೆ ಕುಳಿತಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡುಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಬಿಳಿ ಅರಿವೆ ಕಟ್ಟಿಕೊಂಡು ಹೊಲಕ್ಕೆ ಹೋದೆವು.

ವಿಜಯಪುರ ಜಿಲ್ಲೆಯಲ್ಲಿ ನಮ್ಮದು ಡೋಣಿ ಸಾಲಿನ ಎರೆಹೊಲ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಬಿಳಿಜೋಳ ಆಳೆತ್ತರ ನಿಂತು ತೆನೆ ಹಾಲುಗಾಳಿಗೆ ಬಂದಿತ್ತು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲಿಟ್ಟು ಪೂಜೆ ಮಾಡಿದೆವು. ಅಪ್ಪ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ ಬಂದ ಮೇಲೆ ಎಲ್ಲರೂ ಊಟಕ್ಕೆ ಕುಳಿತೆವು.

ಊಟವಾದ ಮೇಲೆ ತಮ್ಮ ಒರಗಿಕೊಳ್ಳಲು ಜಾಗ ಮಾಡಲೆಂದು ಬದುವಿನ ಬಳಿಯ ಒಂದು ಚಪ್ಪಟೆ ಕಲ್ಲು ಎತ್ತಿದ. ಅದರ ಕೆಳಗಿನಿಂದ ಒಂದು ಚಿಟ್ಟಿಲಿ ಸರಕ್ಕನೆ ಓಡಿ ಎರೆಯ ಬಿರುಕಿನಲ್ಲಿ ಮಾಯವಾಯಿತು. ಅದು ಬಿಟ್ಟುಹೋದ ಗೂಡಿನಲ್ಲಿ ಐದು ಮರಿಗಳಿದ್ದವು. ಜೋಳದ ಗರಿಯನ್ನು ನೂಲಿನಂತೆ ಸೀಳಿ ಮಾಡಿದ ಮೆತ್ತೆ, ಅದರ ಮೇಲೆ ಶೇಂಗಾ ಕಾಳಿನಷ್ಟು ಗಾತ್ರದ, ಕಣ್ಣು ತೆರೆಯದ, ಕೂದಲಿಲ್ಲದ ಜೀವಗಳು. ಚರ್ಮ ಎಷ್ಟು ತೆಳುವೆಂದರೆ ಹೊಟ್ಟೆಯಲ್ಲಿ ತಾಯಿಯ ಹಾಲು ಬೆಳ್ಳಗೆ ಕಾಣುತ್ತಿತ್ತು, ಉಳಿದ ಮೈಯೆಲ್ಲ ಒಳಗಿನ ರಕ್ತದಿಂದ ಕೆಂಪಗಿತ್ತು. ನನ್ನ ಮಗಳು ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು.

ತಮ್ಮನೂ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಕಲ್ಲನ್ನು ಮೆಲ್ಲಗೆ ಮೊದಲಿನಂತೆಯೇ ಮುಚ್ಚಿ, "ಅಣ್ಣ, ನಮ್ಮ ಠಾಣೆಯ ಹತ್ತಿರವೂ ಇಂಥದೊಂದು ಇದೆ. ಇಲಿಗಿಂತ ದೊಡ್ಡದು, ಬಾಲವೇ ಇಲ್ಲ. ಅದನ್ನು ನೋಡಿಕೊಂಡೇ ನಾನು ಹತ್ತು ದಿನ ಮಲಗಿದ್ದೆ" ಎಂದ.

ಅವ್ವ ಬುಟ್ಟಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಯಾಕೆ ಮಲಗಿದ್ದೆ?"

ಮೂರು ವರ್ಷದಿಂದ ಬಚ್ಚಿಟ್ಟ ಮಾತು ಹೊರಬಂದದ್ದು ಹೀಗೆ. ಮೊದಲ ಸಲ ಲಡಾಖಿಗೆ ಹೋದಾಗ ಅವನಿಗೆ ತಲೆನೋವು ಬಂದಿತ್ತು. ಜೊತೆಯವರ ಮುಂದೆ ಸಣ್ಣವನಾಗಬಾರದೆಂದು ಯಾರಿಗೂ ಹೇಳದೆ ನೀರಿನ ಕ್ಯಾನು ಹೊತ್ತು ಮೇಲಕ್ಕೆ ಹತ್ತಿದ್ದ. ರಾತ್ರಿ ಕೆಮ್ಮು ಶುರುವಾಯಿತು, ಬೆಳಗಾಗುವಷ್ಟರಲ್ಲಿ ಕೆಂಪು ಬೆರೆತ ನೊರೆ ಬಂತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಕ್ಸಿಜನ್ ಕೊಟ್ಟು ಕೆಳಗಿಳಿಸಿದ್ದರಿಂದ ಬದುಕಿದ. ಚೇತರಿಸಿಕೊಳ್ಳುವಾಗ ಕಿಟಕಿಯ ಹೊರಗೆ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಕಲ್ಲಿನಿಂದ ಕಲ್ಲಿಗೆ ಹಾರುತ್ತಿದ್ದ ಆ ಪ್ರಾಣಿಯನ್ನು ನೋಡುತ್ತ, ಇಷ್ಟು ಸಣ್ಣ ಎದೆಗೆ ಸಾಲುವ ಗಾಳಿ ನನ್ನ ಎದೆಗೆ ಯಾಕೆ ಸಾಲದು ಎಂದು ದಿನವೂ ಕೇಳಿಕೊಳ್ಳುತ್ತಿದ್ದನಂತೆ.

ಅವನು ನೋಡಿದ್ದು ಪಿಕಾ. ಅದು ಇಲಿಯಲ್ಲ, ಮೊಲದ ಬಳಗ. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಎಷ್ಟೋ ಸಲ ಪಾಠ ಮಾಡಿದ ವಿಷಯವೇ ಆದರೂ ತಮ್ಮನ ಪ್ರಶ್ನೆಗೆ ಉತ್ತರ ಕೊಡುವಾಗ ನನ್ನ ಗಂಟಲು ಕಟ್ಟುತ್ತಿತ್ತು.

ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಇಲ್ಲೂ ಅಲ್ಲೂ ಶೇಕಡಾ 21 ಮಾತ್ರ. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 5,500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ, ಒಂದು ಉಸಿರಿಗೆ ಅರ್ಧ ಉಸಿರಷ್ಟೇ ದಕ್ಕುತ್ತದೆ. ಆಕ್ಸಿಜನ್ ಸಾಲದಾದಾಗ ನಮ್ಮ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬಯಲು ಸೀಮೆಯಲ್ಲಿ ಇದು ಉಪಯುಕ್ತ ಗುಣ, ಶ್ವಾಸಕೋಶದ ಒಂದು ಮೂಲೆ ಕೆಟ್ಟರೆ ರಕ್ತವನ್ನು ಬೇರೆಡೆಗೆ ತಿರುಗಿಸುತ್ತದೆ. ಬೆಟ್ಟದ ಮೇಲೆ ಇಡೀ ಶ್ವಾಸಕೋಶಕ್ಕೇ ಆಕ್ಸಿಜನ್ ಕಡಿಮೆ. ಎಲ್ಲ ನಾಳಗಳೂ ಒಟ್ಟಿಗೆ ಬಿಗಿದರೆ ಒತ್ತಡ ಏರಿ ನೀರು ಒಸರುತ್ತದೆ. ತಮ್ಮನಿಗೆ ಆದದ್ದು ಇದೇ. ಟಿಬೆಟ್ ಪ್ರಸ್ಥಭೂಮಿಯ ಪಿಕಾಗಳಲ್ಲಿ ಆ ನಾಳಗಳ ಗೋಡೆ ತೆಳು, ಬಿಗಿಯುವ ಗುಣವೂ ಬಹಳ ಮಂದ. ಆಪತ್ತಿನ ಗಂಟೆ ಅವುಗಳ ಎದೆಯಲ್ಲಿ ಹಾಗೆ ಬಾರಿಸುವುದಿಲ್ಲ.

"ಹಾಗಾದರೆ ಅದಕ್ಕೆ ಚಳಿಯೂ ಆಗುವುದಿಲ್ಲವೇ ಕಾಕಾ?" ಎಂದು ಮಗಳು ಕೇಳಿದಳು. ಅವಳ ಪ್ರಶ್ನೆ ವಿಷಯದ ನಡುಮಧ್ಯಕ್ಕೇ ಬಂದಿತ್ತು. ಚಿಕ್ಕ ಪ್ರಾಣಿಗೆ ಎತ್ತರದಲ್ಲಿ ಎರಡು ಕಷ್ಟ ಒಟ್ಟಿಗೆ ಬರುತ್ತವೆ. ಮೈ ಸಣ್ಣದಾದಷ್ಟೂ ಕಾವು ಬೇಗ ಸೋರುತ್ತದೆ, ಕೊಡದ ನೀರಿಗಿಂತ ಲೋಟದ ನೀರು ಬೇಗ ಆರಿದ ಹಾಗೆ. ಸೋರಿದ ಕಾವನ್ನು ತುಂಬಲು ಮೈಯಲ್ಲಿ ಕೊಬ್ಬು ಉರಿಸಬೇಕು, ಉರಿಸಲು ಆಕ್ಸಿಜನ್ ಬೇಕು, ಅದೇ ಅಲ್ಲಿ ಅಭಾವ. ಟಿಬೆಟ್ಟಿನ ಪಿಕಾ ಚಳಿಗಾಲದಲ್ಲಿ ದೀರ್ಘನಿದ್ರೆಗೂ ಹೋಗುವುದಿಲ್ಲ. ಮೈಯ ಖರ್ಚನ್ನು ಮೂರರಲ್ಲಿ ಒಂದು ಪಾಲಿನಷ್ಟು ಇಳಿಸಿ, ಹುಲ್ಲು ಸಿಗದಾದಾಗ ಯಾಕ್‌ಗಳ ಸಗಣಿ ತಿಂದು ದಿನ ದೂಡುತ್ತದೆ. ಇದು ಪ್ರಕಟವಾದದ್ದು 2021ರಲ್ಲಿ. "ಹಸಿದವರ ಊಟದ ಬಗ್ಗೆ ಯಾರೂ ಮೂಗು ಮುರಿಯಬಾರದು" ಎಂದು ಅವ್ವ ಮೆಲ್ಲಗೆ ಹೇಳಿದಳು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅಮೆರಿಕದ ಜಿಂಕೆ ಇಲಿಯ ಕಥೆ. ಬೆನ್ನು ಕಂದು, ಹೊಟ್ಟೆ ಬಿಳಿ ಇರುವುದರಿಂದ ಆ ಹೆಸರು. ನಡುನಾಡಿನ ಹುಲ್ಲುಗಾವಲಲ್ಲಿ ನಮ್ಮ ಚಿಟ್ಟಿಲಿಯ ಹಾಗೆ ಕಾಳು ಹೆಕ್ಕಿ ಬದುಕುವ ಜಾತಿಯೇ ರಾಕಿ ಪರ್ವತಗಳಲ್ಲಿ 4,300 ಮೀಟರ್ ದಾಟಿದ ಎತ್ತರದಲ್ಲೂ ಇದೆ. ಅಮೆರಿಕದ ಜೀವವಿಜ್ಞಾನಿ ಜೇ ಸ್ಟೋರ್ಜ್ ಮತ್ತು ಅವರ ಜೊತೆಗಾರರು ಎರಡೂ ಕಡೆಯ ಇಲಿಗಳ ರಕ್ತ ಹೋಲಿಸಿ ನೋಡಿದರು. ಹಿಮೋಗ್ಲೋಬಿನ್ ಎಂದರೆ ರಕ್ತದಲ್ಲಿ ಆಕ್ಸಿಜನ್ ಹೊರುವ ಪ್ರೋಟೀನು. ಬೆಟ್ಟದ ಇಲಿಯ ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಅದರ ಜೀನಿನ ಬರಹದಲ್ಲಿ ಕೆಲವೇ ಅಕ್ಷರಗಳು ಬೇರೆ, ಅದರಿಂದ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಕೆಲವು ಬೇರೆ. ಬಯಲಿನಿಂದ ಹೋದ ನಾವು ಎತ್ತರದಲ್ಲಿ ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳುತ್ತೇವೆ, ಅದು ಅತಿಯಾದರೆ ರಕ್ತ ಮಂದವಾಗಿ ಹೃದಯಕ್ಕೇ ಭಾರ. ತಲೆತಲಾಂತರದಿಂದ ಅಲ್ಲೇ ಇರುವ ಎಷ್ಟೋ ಜೀವಗಳು ಹಾಗೆ ರಕ್ತಕಣ ಏರಿಸಿಕೊಳ್ಳುವುದಿಲ್ಲ. ನಾವು ಹೊಂದಾಣಿಕೆ ಎಂದುಕೊಳ್ಳುವ ಆ ಏರಿಕೆ ಎಷ್ಟೋ ಸಲ ಹೊಸಬನ ಹೆಣಗಾಟ ಮಾತ್ರ ಎಂಬುದನ್ನು ತರಗತಿಯಲ್ಲಿ ನಾನು ಪ್ರತಿವರ್ಷ ಒತ್ತಿ ಹೇಳುತ್ತೇನೆ.

ಹಿಡಿತ ಗಟ್ಟಿಯಾದರಷ್ಟೇ ಸಾಲದು. ಶ್ವಾಸಕೋಶದಲ್ಲಿ ಹಿಡಿದದ್ದನ್ನು ಸ್ನಾಯುವಿನಲ್ಲಿ ಬಿಟ್ಟುಕೊಡಬೇಕು. 2013ರಲ್ಲಿ ಅದೇ ತಂಡ ಇನ್ನೊಂದು ಮಾತು ಹೇಳಿತು: ಹಿಮೋಗ್ಲೋಬಿನ್ನಿನ ಒಂದು ಬದಲಾವಣೆ ಹಿಡಿತವನ್ನು ಬಿಗಿ ಮಾಡುತ್ತದೋ ಸಡಿಲ ಮಾಡುತ್ತದೋ ಎಂಬುದು ಪಕ್ಕದಲ್ಲಿ ಬೇರೆ ಯಾವ ಬದಲಾವಣೆಗಳಿವೆ ಎಂಬುದರ ಮೇಲೆ ನಿಂತಿದೆ. ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಲು ನಾನು ಕಪ್ಪುಹಲಗೆಯ ತುಂಬ ಚಿತ್ರ ಬರೆಯುತ್ತೇನೆ. ಇದುವರೆಗೆ ಸುಮ್ಮನೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪ, "ಎತ್ತು ಒಳ್ಳೆಯದಿದ್ದರೆ ಆಯಿತೇ? ಜೊತೆ ಎತ್ತು ಹೊಂದಬೇಕಲ್ಲ. ಎರಡೂ ಕಡೆ ಎಳೆದರೆ ಕೂರಿಗೆ ಸಾಲು ತಪ್ಪುತ್ತದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಇನ್ನು ಮುಂದೆ ನಾನೂ ಎತ್ತಿನ ಜೋಡಿಯನ್ನೇ ಹೇಳುತ್ತೇನೆ.

2020ರ ಫೆಬ್ರವರಿಯಲ್ಲಿ ಸ್ಟೋರ್ಜ್ ಚಿಲಿ ಮತ್ತು ಅರ್ಜೆಂಟೀನಾ ಗಡಿಯ ಲ್ಯುಲ್ಯಾಯ್ಯಾಕೊ ಜ್ವಾಲಾಮುಖಿಯ ತುದಿಯಲ್ಲಿ, 6,739 ಮೀಟರ್ ಎತ್ತರದಲ್ಲಿ, ಒಂದು ಎಲೆಗಿವಿಯ ಇಲಿಯನ್ನು ಜೀವಂತ ಹಿಡಿದರು. ಹುಲ್ಲುಕಡ್ಡಿಯೂ ಕಾಣದ ಜಾಗ ಅದು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧವೂ ಇಲ್ಲ. ಆ ಸೀಮೆಯಲ್ಲಿ 6,000 ಮೀಟರ್ ಮೀರಿದ ಮೂರು ಶಿಖರಗಳ ಮೇಲೆ ಒಣಗಿ ಉಳಿದ 13 ಇಲಿಗಳ ದೇಹಗಳೂ ಸಿಕ್ಕವು. ಹಿಂದೆ ಆ ಸೀಮೆಯನ್ನು ಆಳಿದ ಇಂಕಾ ಜನರು ಬಲಿ ಕೊಡಲು ಹತ್ತುವಾಗ ಅವರ ಮೂಟೆಗಳಲ್ಲಿ ಬಂದಿರಬೇಕು ಎಂಬ ಊಹೆಯಿತ್ತು. ಆದರೆ ಅತಿ ಹಳೆಯ ದೇಹಕ್ಕೂ 350 ವರ್ಷಕ್ಕಿಂತ ಹೆಚ್ಚಿರಲಿಲ್ಲ, ಇಂಕಾ ಆಳ್ವಿಕೆ ಅದಕ್ಕೂ ಬಹಳ ಮೊದಲೇ ಮುಗಿದಿತ್ತು. ಹೆಣ್ಣು ಗಂಡು ಎರಡೂ ಇದ್ದವು, ಅವುಗಳಲ್ಲಿ ಹತ್ತಿರದ ಬಂಧುಗಳೂ ಇದ್ದವು. ದಾರಿತಪ್ಪಿ ಹೋದವು ಹೀಗೆ ಸಂಸಾರ ಹೂಡುವುದಿಲ್ಲ.

ತಮ್ಮ ಜೇಬಿನಿಂದ ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ತೆಗೆದ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಆಕ್ಸಿಮೀಟರ್. ಅಪ್ಪನ ಬಿರುಕುಬಿಟ್ಟ ಬೆರಳಿಗೆ ಹಾಕಿದರೆ 97, ಮಗಳಿಗೆ 99, ಅವನಿಗೆ 98. "ಮೇಲೆ 85 ತೋರಿಸಿದರೆ ಅದು ಒಳ್ಳೆಯ ದಿನ" ಎಂದ.

"ಆ ಮರಿಗಳನ್ನು ನಿನ್ನ ಟ್ರಂಕಿನಲ್ಲಿ ಒಯ್ದರೆ?" ಮಗಳು ಕಲ್ಲಿನ ಕಡೆಗೆ ಬೆರಳು ಮಾಡಿದಳು. ಅವು ಹೆಣಗುತ್ತವೆ ಮಗಳೇ ಎಂದೆ. ಬೇಕೆಂದು ಕೂಗಿದರೆ ಜೀನಿನ ಅಕ್ಷರ ಬದಲಾಗುವುದಿಲ್ಲ. ಸಾವಿರಾರು ಇಲಿಗಳಲ್ಲಿ ಎಲ್ಲೋ ಒಂದೆರಡರಲ್ಲಿ ಯಾವಾಗಲೋ ತಾನಾಗಿ ಬದಲಾದ ಅಕ್ಷರ ಇರುತ್ತದೆ. ಚಳಿಗಾಲ ಕಳೆದ ಮೇಲೆ ಉಳಿದವರಲ್ಲಿ ಅಂಥವು ಸ್ವಲ್ಪ ಹೆಚ್ಚು, ಮರಿ ಹಾಕುವವೂ ಅವೇ. ಹೀಗೆ ನೂರಾರು ತಲೆಮಾರು. ಉಳಿಯದೆ ಹೋದವುಗಳ ಲೆಕ್ಕ ಹೇಳಲು ನನಗೆ ಮನಸ್ಸಾಗಲಿಲ್ಲ, ತಮ್ಮ ಎದುರಿಗೇ ಕುಳಿತಿದ್ದ.

ನಾವು ಎದ್ದು ಸ್ವಲ್ಪ ದೂರ ಸರಿದ ಮೇಲೆ ತಾಯಿ ಇಲಿ ಬಿರುಕಿನಿಂದ ಮೂಗು ತೋರಿಸಿ, ಮೀಸೆ ಅಲುಗಿಸಿ, ಕಲ್ಲಿನ ಕೆಳಗೆ ನುಸುಳಿತು. ಅವ್ವ ಅದನ್ನು ನೋಡುತ್ತಲೇ ನಿಂತಿದ್ದಳು.

ಮನೆಗೆ ಬಂದ ಮೇಲೆ ಅವಳು ತಮ್ಮನನ್ನು ಬೈಯಲಿಲ್ಲ, ಅಳಲೂ ಇಲ್ಲ. "ಈ ಸಲ ಹತ್ತುವಾಗ ಎಲ್ಲೆಲ್ಲಿ ಎಷ್ಟು ದಿನ ನಿಲ್ಲಬೇಕು, ನನಗೆ ಹೇಳು" ಎಂದಳು. ಅವನು ಹೇಳಿದ. 9,000 ಅಡಿಯಿಂದ 12,000 ಅಡಿಯವರೆಗಿನ ಎತ್ತರದಲ್ಲಿ ಆರು ದಿನ, ಅಲ್ಲಿಂದ 15,000 ಅಡಿಯವರೆಗೆ ನಾಲ್ಕು, ಅದರ ಮೇಲೆ ಮತ್ತೆ ನಾಲ್ಕು. ಇಷ್ಟು ದೊಡ್ಡ ರಜೆ ಮುಗಿಸಿ ಹೋದವರು ಮೊದಲಿನಿಂದಲೇ ಶುರು ಮಾಡಬೇಕು. ಅವ್ವ ಬೆರಳು ಮಡಿಚಿ ಎಣಿಸಿದಳು. ನಾಲ್ಕು ದಿನದ ನಂತರ ಅವನು ಹೊರಡುವ ಹೊತ್ತಿಗೆ ಟ್ರಂಕಿನಲ್ಲಿ ಮೂರು ಗಂಟುಗಳಿದ್ದವು. ಒಂದರಲ್ಲಿ ಆರು ಶೇಂಗಾ ಹೋಳಿಗೆ, ಎರಡರಲ್ಲಿ ನಾಲ್ಕು ನಾಲ್ಕು. ದಿನಕ್ಕೊಂದೇ ತಿನ್ನಬೇಕು, ಒಂದು ಗಂಟು ಮುಗಿಯದೆ ಮುಂದಿನ ಮೆಟ್ಟಿಲು ಹತ್ತಬಾರದು ಎಂದು ಅವನ ಕೈಹಿಡಿದು ಮಾತು ತೆಗೆದುಕೊಂಡಳು.