ಪೂಜಾರಿಯ ಕುರ್ಚಿ ಮೇಲೆ ಕೋಳಿ ಅಂಕ

ಗ್ರೀಸ್‌ಗೆ ಹೋಗುವವರು ನೀಲಿ ಸಮುದ್ರ, ಬಿಳಿ ಮನೆ ನೋಡೋಕೆ ಹೋಗುತ್ತಾರೆ. ನಾನು ಹೋಗಿದ್ದು ಖಾಲಿ ಕಲ್ಲಿನ ಮೆಟ್ಟಿಲು ನೋಡೋಕೆ. ತಪ್ಪು ನನ್ನದಲ್ಲ, ನಮ್ಮ ಕನ್ನಡ ಮೇಷ್ಟ್ರದ್ದು. ಬಿ.ಎಂ.ಶ್ರೀ ಅವರ 'ಅಶ್ವತ್ಥಾಮನ್' ನಾಟಕದ ಹಿಂದೆ ಹಳೇ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ 'ಅಜಾಕ್ಸ್' ಇದೆ ಅಂತ ಅವರು ಹೇಳಿದ ದಿನದಿಂದ ಆ ನಾಟಕ ಆಡಿದ ಜಾಗ ಹೇಗಿರಬಹುದು ಅನ್ನೋ ಹುಳ ತಲೆಯೊಳಗೆ ಸೇರಿಕೊಂಡಿತ್ತು.

ಮೊದಲು ಹಳೇ ರಂಗಮಂದಿರ ಇರುವ ಎಪಿಡಾರಸ್‌ಗೆ ಹೋದೆವು, ನಾನು ಮತ್ತು ನನ್ನ ಹೆಂಡತಿ. ಅಲ್ಲಿ ಆ ಹೆಸರಿನ ಊರು ಒಂದೇ ಅಲ್ಲ ಅಂತ ನನಗೇನು ಗೊತ್ತು? ಕಡಲ ದಂಡೆಯ ಎಪಿಡಾರಸ್‌ನಲ್ಲಿ ಇಳಿದು, ಕಿತ್ತಳೆ ತೋಟದ ನಡುವೆ ಅರ್ಧ ಗಂಟೆ ಅಲೆದು, ಕೊನೆಗೆ ಟ್ಯಾಕ್ಸಿ ಹಿಡಿದು ಸರಿಯಾದ ಜಾಗಕ್ಕೆ ಬಂದೆವು. ಅವಳು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ರಂಗಮಂದಿರ ನೋಡಿದ ಮೇಲೆ ಕೋಪ ಇಳಿಯಿತು. ಗುಡ್ಡದ ಮಡಿಲಿನಲ್ಲಿ 55 ಸಾಲು ಮೆಟ್ಟಿಲು, ಕೆಳಗೆ ಪೂರ್ತಿ ದುಂಡಗಿನ ಅಂಗಳ, ಅದರ ನಟ್ಟನಡುವೆ ಒಂದು ಕಲ್ಲು. ಎಲ್ಲರೂ ಆ ಕಲ್ಲಿನ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಾರೆ, ನಾಣ್ಯ ಬೀಳಿಸುತ್ತಾರೆ. ಅವಳನ್ನು ಮೇಲಿನ ಸಾಲಿಗೆ ಹತ್ತಿಸಿ ನಾನು ಕೆಳಗಿಂದ ಪಿಸುದನಿಯಲ್ಲಿ 'ಕೋಪ ಹೋಯ್ತಾ' ಅಂದೆ. ಕೇಳಿಸಲಿಲ್ಲವಂತೆ. ಗಟ್ಟಿಯಾಗಿ ಅಂದೆ, ಒಂದೊಂದು ಅಕ್ಷರವೂ ಕೇಳಿಸಿತಂತೆ, ಪಕ್ಕದಲ್ಲಿದ್ದ ಜರ್ಮನ್ ಅಜ್ಜಿಗೂ. 2017ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಳೆದು ನೋಡಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಜಾಗ ಒಳ್ಳೆಯದೇ, ಬಿಲ್ಡಪ್ ಸ್ವಲ್ಪ ಜಾಸ್ತಿ.

ಆದರೆ ನನಗೆ ಬೇಕಾದ ಜಾಗ ಇದಲ್ಲ. ಇದನ್ನು ಕಟ್ಟುವ ಹೊತ್ತಿಗೆ ಸೊಫೊಕ್ಲಿಸ್ ಸತ್ತು ಎಷ್ಟೋ ದಶಕ ಕಳೆದಿತ್ತು.

ಅವನು ಆಡಿಸಿದ್ದು ಅಥೆನ್ಸ್‌ನಲ್ಲಿ, ಅಕ್ರೊಪೊಲಿಸ್ ಬಂಡೆಯ ದಕ್ಷಿಣದ ಇಳಿಜಾರಿನಲ್ಲಿ. ಮೇಲಿನ ಪಾರ್ಥೆನಾನ್ ನೋಡೋಕೆ ಜನ ಕಿಕ್ಕಿರಿದು ಹೋಗುತ್ತಾರೆ, ಈ ಡಯೊನೈಸಸ್ ರಂಗಮಂದಿರದ ಮುಂದೆ ಎರಡು ನಿಮಿಷ ನಿಂತರೆ ದೊಡ್ಡದು. ಅವರನ್ನೂ ದೂರುವ ಹಾಗಿಲ್ಲ. ಅರ್ಧ ಮೆಟ್ಟಿಲು ಕಿತ್ತುಹೋಗಿವೆ, ಹುಲ್ಲಿನ ನಡುವೆ ಕೆಂಪು ಗಸಗಸೆ ಹೂವು ಅರಳಿದ್ದವು. ಉಳಿದಿರುವ ಕಲ್ಲು ಕೂಡ ಆ ಕಾಲದ್ದಲ್ಲ. ಕಲ್ಲಿನ ಮೆಟ್ಟಿಲು ಪೂರ್ತಿಯಾಗಿದ್ದು ಅಥೆನ್ಸ್‌ನ ರಾಜಕಾರಣಿ ಲೈಕರ್ಗಸ್‌ನ ಕಾಲದಲ್ಲಿ, ಕ್ರಿ.ಪೂ. 330ರ ಆಸುಪಾಸು. ಅಂಗಳಕ್ಕೆ ಹಾಸಿದ ಚಪ್ಪಡಿ ರೋಮನ್ನರದ್ದು. ಸೊಫೊಕ್ಲಿಸ್‌ನ ಜನ ಕೂತಿದ್ದು ಮರದ ಬೆಂಚಿನ ಮೇಲೆ, ನಟರು ಓಡಾಡಿದ್ದು ಬರೀ ಮಣ್ಣಿನ ಮೇಲೆ.

ಮುಂದಿನ ಸಾಲಿನಲ್ಲಿ ಅಮೃತಶಿಲೆಯ ಕುರ್ಚಿಗಳಿವೆ, ನಡುವಿನದು ಡಯೊನೈಸಸ್ ದೇವರ ಪೂಜಾರಿಯದು. ಹಗ್ಗ ಕಟ್ಟಿದ್ದರು, ಬಗ್ಗಿ ನೋಡಿದೆ. ಕಾಲುಗಳಿಗೆ ಸಿಂಹದ ಪಂಜ. ಕೈಯಿಡುವ ಕಡೆ ಹೊರಮೈಯಲ್ಲಿ ರೆಕ್ಕೆಯ ಹುಡುಗನೊಬ್ಬ ಮಂಡಿಯೂರಿ ಹುಂಜ ಬಿಡುತ್ತಿದ್ದಾನೆ. ಕೋಳಿ ಅಂಕ! ನಮ್ಮ ಕರಾವಳಿ ಕಡೆ ಪೊಲೀಸರು ಬಂದರೆ ಓಡಿಹೋಗುವ ಆಟ ಇಲ್ಲಿ ಪೂಜಾರಿಯ ಕುರ್ಚಿ ಮೇಲೇ ಕೂತಿದೆ.

ಪೂಜಾರಿಗೆ ಯಾಕೆ ಮೊದಲ ಜಾಗ ಅಂದರೆ ಇದು ದೇವರ ಹಬ್ಬ, ಬರೀ ಟಿಕೆಟ್ ಶೋ ಅಲ್ಲ. ಮಾರ್ಚ್-ಏಪ್ರಿಲ್ ಹೊತ್ತಿಗೆ, ಅಂದರೆ ನಾವು ಹೋದ ಕಾಲಕ್ಕೇ, ಮೂವರು ಕವಿಗಳ ನಡುವೆ ಸ್ಪರ್ಧೆ. ಒಬ್ಬೊಬ್ಬರೂ ಮೂರು ಟ್ರಾಜಿಡಿ, ಅಂದರೆ ದುರಂತ ನಾಟಕ, ಮತ್ತು ಒಂದು ಪೋಲಿ ನಾಟಕ ಆಡಿಸಬೇಕು, ಅದೂ ಹಗಲು ಬೆಳಕಿನಲ್ಲಿ. 'ಟ್ರಾಜಿಡಿ' ಅನ್ನೋ ಪದಕ್ಕೆ ಮೂಲದಲ್ಲಿ ಮೇಕೆ ಹಾಡು ಅಂತ ಅರ್ಥ. ಗೆದ್ದವನಿಗೆ ಮೇಕೆ ಕೊಡ್ತಿದ್ದರೋ, ಮೇಕೆ ಬಲಿಯ ಹೊತ್ತಿಗೆ ಹಾಡ್ತಿದ್ದರೋ, ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ. ಮೊದಲು ಇದ್ದದ್ದು ಮೇಳ ಮಾತ್ರ, ಹಾಡೋದು ಕುಣಿಯೋದು. ಅದರೆದುರು ನಿಂತು ಮಾತಾಡಿದ ಮೊದಲ ನಟ ಥೆಸ್ಪಿಸ್ ಅಂತ ಹೇಳುತ್ತಾರೆ. ಎರಡನೇ ನಟನನ್ನು ತಂದವನು ಈಸ್ಕಿಲಸ್, ಮೂರನೆಯವನನ್ನು ತಂದವನು ಸೊಫೊಕ್ಲಿಸ್, ಇದು ಅರಿಸ್ಟಾಟಲ್ ಕೊಡುವ ಲೆಕ್ಕ. ಅಲ್ಲಿಗೆ ನಿಂತಿತು. ಎಷ್ಟೇ ಪಾತ್ರ ಇರಲಿ, ಮೂವರೇ ಮುಖವಾಡ ಬದಲಿಸುತ್ತಾ ಆಡಬೇಕು. ಹೆಣ್ಣು ಪಾತ್ರವೂ ಗಂಡಸರದ್ದೇ.

ಈಗ 'ಅಜಾಕ್ಸ್' ನೋಡಿ. ಕುರಿಮಂದೆಯನ್ನೇ ವೈರಿಗಳು ಅಂದುಕೊಂಡು ಕಡಿದ ವೀರ, ಬುದ್ಧಿ ತಿಳಿದ ಮೇಲೆ ನಾಚಿಕೆಯಿಂದ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ನಾಟಕ ಆಗ ಇನ್ನೂ ಎಷ್ಟೋ ಉಳಿದಿರುತ್ತೆ, ಹೆಣ ಕೊನೆತನಕ ಅಲ್ಲೇ ಬಿದ್ದಿರಬೇಕು. ಆದರೆ ಇರೋದು ಮೂವರೇ ನಟರು. ಹಾಗಾಗಿ ಅಜಾಕ್ಸ್ ಆಗಿ ಸತ್ತವನು ಹೇಗೋ ಮರೆಗೆ ಜಾರಿ, ತನ್ನ ಜಾಗದಲ್ಲಿ ಬೊಂಬೆ ಬಿಟ್ಟು, ಬೇರೆ ಮುಖವಾಡ ಹಾಕಿಕೊಂಡು ತಮ್ಮ ಟ್ಯೂಸರ್ ಆಗಿ ಬಂದು ತನ್ನದೇ ಹೆಣದ ಮುಂದೆ ಅತ್ತಿರಬೇಕು ಅಂತ ಬಲ್ಲವರು ಊಹಿಸುತ್ತಾರೆ. ಎಲ್ಲಿ ಬಿದ್ದ, ಯಾವ ಮರೆಗೆ ಜಾರಿದ ಅಂತ ಆ ಚಪ್ಪಡಿಗಳ ಮೇಲೆ ಕಣ್ಣಲ್ಲೇ ಅಳೆಯುತ್ತಾ ಕೂತೆ. ಬಿಸಿಲಿಗೆ ತಲೆ ಸುಡುತ್ತಿತ್ತು. ಅಷ್ಟು ಜನ ದಿನಗಟ್ಟಲೆ ಹೇಗೆ ಕೂರುತ್ತಿದ್ದರೋ.

ಸಂಜೆ ಪ್ಲಾಕಾ ಗಲ್ಲಿಯಲ್ಲಿ ಕಾಫಿ ಕುಡಿದೆವು, ಲೈಸಿಕ್ರಟೀಸ್‌ನ ದುಂಡು ಸ್ಮಾರಕದ ಎದುರು. ಕ್ರಿ.ಪೂ. 335-34ರದ್ದು. ಟ್ರಾಜಿಡಿಗಲ್ಲ, ಅದೇ ದೇವರ ಹೆಸರಿನಲ್ಲಿ ನಡೆದ ಹುಡುಗರ ಮೇಳದ ಹಾಡಿಗೆ ಬಂದ ಬಹುಮಾನದ ನೆನಪಿಗೆ ಕಟ್ಟಿದ್ದು. ಮೇಲೆ ಕೆತ್ತಿದ ಸಾಲುಗಳ ಅರ್ಥವನ್ನು ಅವಳು ಫೋನಿನಲ್ಲಿ ಹುಡುಕಿ ಓದಿದಳು: ದುಡ್ಡು ಹಾಕಿದ ಲೈಸಿಕ್ರಟೀಸ್, ಕೊಳಲು ಊದಿದ ಥಿಯಾನ್, ಹಾಡು ಕಲಿಸಿದ ಲೈಸಿಯಾಡಿಸ್, ಆಗಿನ ಅಧಿಕಾರಿ ಯಾರು ಅನ್ನೋದೂ ಇದೆ.

'ಹಾಡಿದ ಹುಡುಗರ ಹೆಸರು?' ಅಂದೆ.

'ಇಲ್ಲ' ಅಂದಳು. 'ಬಿಲ್ ತರೋಕೆ ಹೇಳು.'