ಸೀಸ ಹೇಳುವ ಒತ್ತಡ ಕ್ರೋಮಿಯಂಗೆ ಸಲ್ಲದು

ಆಂಟಿಫೆರೊಮ್ಯಾಗ್ನೆಟ್‌ಗಳನ್ನು ಹಿಂಡಿ, ಅವುಗಳ ನೀಲ್ ತಾಪಮಾನ ಎತ್ತ ಸರಿಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಪರಮಾಣುಗಳ ಕಾಂತತ್ವ ಎದುರುಬದುರಾಗಿ ಸಾಲುಗಟ್ಟುವ ಶಿಸ್ತು ಆ ತಾಪಮಾನದಾಚೆಗೆ ಉಳಿಯುವುದಿಲ್ಲ. ಒತ್ತಿದರೆ ಪರಮಾಣುಗಳು ಹತ್ತಿರ ಬರುತ್ತವೆ, ಹಾಗಾಗಿ ಶಿಸ್ತು ಬಿಗಿಯಾಗಲೇಬೇಕು ಎಂದು ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರು ಎಣಿಸುತ್ತಾರೆ. ಮ್ಯಾಂಗನೀಸ್ ಆಕ್ಸೈಡ್‌ನ ಮಟ್ಟಿಗೆ ಅದು ನಿಜ. ಆಮ್ಲಜನಕದ ಮೂಲಕ ಏರ್ಪಡುವ ನಂಟು ಬಲಗೊಂಡು, 118 ಕೆಲ್ವಿನ್ ಆಸುಪಾಸಿನ ನೀಲ್ ತಾಪಮಾನ ಮೇಲೇರುತ್ತದೆ.

ಕ್ರೋಮಿಯಂ ಲೋಹದ್ದು ಬೇರೆಯೇ ಸ್ವಭಾವ. ಅದರ ಕಾಂತತ್ವ ಲೋಹದೊಳಗೆ ಓಡಾಡುವ ಎಲೆಕ್ಟ್ರಾನುಗಳಿಂದ ಬಂದದ್ದು. ಒತ್ತಿದಷ್ಟೂ ಅವುಗಳ ಶಕ್ತಿಪಟ್ಟಿ (ಅವು ಹೊಂದಬಹುದಾದ ಶಕ್ತಿಗಳ ವ್ಯಾಪ್ತಿ) ಅಗಲವಾಗಿ ಕಾಂತತ್ವ ಸೊರಗುತ್ತದೆ. 311 ಕೆಲ್ವಿನ್‌ನಲ್ಲಿದ್ದ ನೀಲ್ ತಾಪಮಾನ ಒತ್ತಡದ ಪ್ರತಿ ಗಿಗಾಪಾಸ್ಕಲ್‌ಗೆ (ಸುಮಾರು ಹತ್ತು ಸಾವಿರ ವಾಯುಮಂಡಲದ ಒತ್ತಡಕ್ಕೆ) ಸುಮಾರು 50 ಕೆಲ್ವಿನ್ ಕುಸಿಯುತ್ತದೆ. ಇಷ್ಟು ಕಡಿದಾದ ಇಳಿತವಿರುವಲ್ಲಿ ಒತ್ತಡದ ಲೆಕ್ಕ ತುಸು ತಪ್ಪಿದರೂ ಫಲಿತಾಂಶ ಕೆಡುತ್ತದೆ.

ಬೆರಿಲಿಯಂ-ತಾಮ್ರದ ಸಿಲಿಂಡರಿನೊಳಗೆ ಎಣ್ಣೆ ತುಂಬಿದ ಪುಟ್ಟ ಟೆಫ್ಲಾನ್ ಬಟ್ಟಲಿರುತ್ತದೆ. ಅದರಲ್ಲಿ ನಾಲ್ಕು ಚಿನ್ನದ ತಂತಿ ಅಂಟಿಸಿದ ಕ್ರೋಮಿಯಂ ಚೂರು, ಪಕ್ಕದಲ್ಲಿ ಒತ್ತಡ ಅಳೆಯಲು ಸೀಸದ ತುಣುಕು. ಒತ್ತುಯಂತ್ರದಲ್ಲಿ ಅದುಮಿ, ನಟ್ ಬಿಗಿದು, ತಂಪು ಮಾಡುತ್ತೇವೆ. ಮೊದಲು ಕ್ರೋಮಿಯಂನ ವಿದ್ಯುತ್ ರೋಧ ಇಳಿಯುತ್ತಾ ಬಂದು, ನೀಲ್ ತಾಪಮಾನ ದಾಟಿದೊಡನೆ ಗೂನು ಬೆನ್ನಿನಂತೆ ಉಬ್ಬುತ್ತದೆ. ಆ ಉಬ್ಬನ್ನು ಪರದೆಯ ಮೇಲೆ ನೋಡುವ ಸಂತೋಷ ನನಗೆ ಇನ್ನೂ ಹಳತಾಗಿಲ್ಲ.

ಸೀಸ 7.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ, ಅಂದರೆ ಅದರ ವಿದ್ಯುತ್ ರೋಧ ಪೂರ್ತಿ ಇಲ್ಲವಾಗುತ್ತದೆ. ಒತ್ತಡದಲ್ಲಿ ಆ ತಾಪಮಾನ ಎಷ್ಟು ಇಳಿಯಿತು ಎಂಬುದರಿಂದ ಒತ್ತಡ ತಿಳಿಯುತ್ತದೆ. ಲೆಕ್ಕ ನಂಬಿಕಸ್ಥವೇ, ಆದರೆ ಅದು 7 ಕೆಲ್ವಿನ್‌ನ ಒತ್ತಡ. ತಂಪಾಗುವಾಗ ಎಣ್ಣೆ ಲೋಹಕ್ಕಿಂತ ಹೆಚ್ಚು ಕುಗ್ಗುವುದರಿಂದ ದಾರಿಯಲ್ಲೇ 0.2ರಿಂದ 0.3 ಗಿಗಾಪಾಸ್ಕಲ್ ಕಳೆದುಹೋಗುತ್ತದೆ. ಒಂದು ಗಿಗಾಪಾಸ್ಕಲ್‌ನಲ್ಲಿ ಕ್ರೋಮಿಯಂ ಬದಲಾಗುವುದು 260 ಕೆಲ್ವಿನ್ ಹತ್ತಿರ, ಈ ನಷ್ಟದ ಬಹುಪಾಲು ಆಗುವ ಮುನ್ನ. ಸೀಸದ ಅಂಕಿಯನ್ನೇ ಗ್ರಾಫಿಗೆ ಹಾಕಿದರೆ ಎಂಟು-ಹತ್ತು ಕೆಲ್ವಿನ್‌ನಷ್ಟು ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ.

ಆದ್ದರಿಂದ ಕ್ರೋಮಿಯಂ ಜೊತೆಗೆ ಮ್ಯಾಂಗನಿನ್ ಎಂಬ ಮಿಶ್ರಲೋಹದ ತಂತಿಯ ಸುರುಳಿಯನ್ನೂ ಇಡುವುದು ನನ್ನ ಕಟ್ಟುನಿಟ್ಟಿನ ಪದ್ಧತಿ. ಅದರ ರೋಧ ಗಿಗಾಪಾಸ್ಕಲ್‌ಗೆ ಶೇ. 2.5ರ ಆಸುಪಾಸಿನಲ್ಲಿ ಏರುತ್ತದೆ. ತಾಪಮಾನದೊಡನೆಯೂ ರೋಧ ಬದಲಾಗುವುದರಿಂದ, ಒತ್ತಡವಿಲ್ಲದ ಸ್ಥಿತಿಯಲ್ಲಿ ತಂಪು ಮಾಡಿದಾಗಿನ ರೋಧವನ್ನು ಮೊದಲೇ ದಾಖಲಿಸಿಕೊಂಡಿರಬೇಕು. ಯಾವ ತಾಪಮಾನದಲ್ಲಿ ಅಳೆದ ಒತ್ತಡ ಎಂದು ಬರೆಯದ ಗ್ರಾಫನ್ನು ನಾನು ಒಪ್ಪುವುದಿಲ್ಲ.

ಸೀರಿಯಂ, ರೋಡಿಯಂ, ಇಂಡಿಯಂ ಸೇರಿದ ಸಂಯುಕ್ತಕ್ಕೆ ಈ ತಾಪತ್ರಯವಿಲ್ಲ. ಅದರ ನೀಲ್ ತಾಪಮಾನ 3.8 ಕೆಲ್ವಿನ್, ಅಷ್ಟು ತಣ್ಣಗಾದ ಮೇಲೆ ಒತ್ತಡ ಹೆಚ್ಚುಕಡಿಮೆ ಸ್ಥಿರವಾಗಿರುವುದರಿಂದ ಅಲ್ಲಿ ಸೀಸವೊಂದೇ ಸಾಕು.