ಕಟ್ ಅಂದ್ರೆ ನಿಲ್ಲಿಸಿ

ಇವತ್ತು ಒಂದು ಕಾರಿನ ಡ್ರೈನ್ ಬೋಲ್ಟ್, ಅಂದ್ರೆ ಹಳೇ ಎಂಜಿನ್ ಆಯಿಲ್ ಇಳಿಸೋಕೆ ಬಿಚ್ಚೋ ಬೋಲ್ಟ್, ಸುಮ್ನೆ ತಿರುಗ್ತಾನೇ ಇತ್ತು. ಬಿಗಿಯೂ ಆಗಲ್ಲ, ಹೊರಗೂ ಬರಲ್ಲ. ಥ್ರೆಡ್ ಹೋಗಿದೆ.

ಇಂಟರ್ನ್‌ಶಿಪ್‌ಗೆ ಬಂದ ಹುಡುಗರ ಕೈಗೆ ಮೊದಲು ಸಿಗೋದೇ ಆಯಿಲ್ ಚೇಂಜ್. ಸುಲಭ ಅಂತ. ಬೋಲ್ಟ್ ಕೂರೋ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲು. ಜಗಳ ಆದ್ರೆ ಸೋಲೋದು ಅಲ್ಯೂಮಿನಿಯಮ್ಮೇ.

ಎಷ್ಟೋ ಕಾರುಗಳಲ್ಲಿ ಡ್ರೈನ್ ಬೋಲ್ಟಿಗೆ ಬೇಕಾಗಿರೋ ಟಾರ್ಕ್, ಅಂದ್ರೆ ತಿರುಗಿಸೋ ಬಲ, 25ರಿಂದ 40 ನ್ಯೂಟನ್ ಮೀಟರ್ ಅಷ್ಟೇ. ಚಕ್ರದ ನಟ್‌ಗೆ ಸುಮಾರು 100, ಅದಕ್ಕಿಂತ ಮೇಲೂ ಇರುತ್ತೆ. ಬೆಳಗ್ಗೆಯಿಂದ ಚಕ್ರ ಬಿಚ್ಚಿ ಹಾಕಿದ ಕೈ, ಅದೇ ಜೋರಲ್ಲಿ ಡ್ರೈನ್ ಬೋಲ್ಟಿಗೂ ಹೋಗುತ್ತೆ. ಕಾಲೇಜಲ್ಲಿ ಟಾರ್ಕ್ ಟೇಬಲ್ ಬಾಯಿಪಾಠ. ಲಿಫ್ಟ್ ಕೆಳಗೆ ನಿಂತಾಗ "ಗಾಡಿ ಆಯ್ತಾ?" ಅಂತ ಎರಡು ಸಲ ಕೇಳಿಸಿದ್ರೆ ಟೇಬಲ್ ಮರೆತೇಹೋಗುತ್ತೆ.

ಹಳೇ ವಾಷರ್ ಕೆಲವೊಮ್ಮೆ ಸಂಪಿಗೇ ಅಂಟ್ಕೊಂಡಿರುತ್ತೆ, ಬೆರಳಾಡಿಸಿ ನೋಡಿ. ತೆಗೆದು ಹೊಸದು ಹಾಕಿ. ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ. ಬಿಗಿ ಅನ್ನಿಸಿದ್ರೆ ಬೋಲ್ಟ್ ಅಡ್ಡ ಕೂತಿದೆ, ವಾಪಸ್ ಬಿಚ್ಚಿ. ಆಮೇಲೆ ಟಾರ್ಕ್ ರೆಂಚ್, ಹೊಂದಿಸಿಟ್ಟಷ್ಟು ಬಿಗಿ ಆದಾಗ ಕಟ್ ಅಂತ ಸದ್ದು ಮಾಡೋ ರೆಂಚ್. ಕಟ್ ಅಂದ ತಕ್ಷಣ ನಿಲ್ಲಿಸಿ. ಖಾತ್ರಿಗೆ ಅಂತ ಇನ್ನೊಂದು ಕಟ್ ಕೊಡ್ತಾರಲ್ಲ, ಅದು ಖಾತ್ರಿ ಅಲ್ಲ, ಹೆಚ್ಚುವರಿ ಬಿಗಿ. ಕೆಲಸ ಮುಗಿದ ಮೇಲೆ ರೆಂಚನ್ನ ಸ್ಕೇಲಿನ ಕನಿಷ್ಠಕ್ಕೆ ಇಳಿಸಿ ಇಡಿ, ಇಲ್ಲಾಂದ್ರೆ ಸ್ಪ್ರಿಂಗ್ ಸಡಿಲ ಬೀಳುತ್ತೆ.

ಎಣ್ಣೆ ಸೋರದ ಹಾಗೆ ತಡೆಯೋದು ತೋಳಿನ ಜೋರಲ್ಲ, ಆ ಪುಟ್ಟ ವಾಷರ್. ಇದನ್ನ ಯಾಕೋ ಮೊದಲ ದಿನ ಯಾರೂ ಹೇಳಲ್ಲ.

ಈಗ ಈ ಸಂಪಿನ ತೂತಿಗೆ ಥ್ರೆಡ್ ಇನ್ಸರ್ಟ್, ಅಂದ್ರೆ ಒಳಗೆ ಕೂರಿಸೋ ಹೊಸ ಥ್ರೆಡ್, ಹಾಕ್ಬೇಕು. ಥ್ರೆಡ್ ಕೊರೆಯೋ ಟ್ಯಾಪ್‌ಗೆ ಗ್ರೀಸ್ ಬಳಿದು, ಲೋಹದ ಚೂರು ಒಳಗೆ ಬೀಳದ ಹಾಗೆ, ನಿಧಾನಕ್ಕೆ.